ಹೊಸ ಕುದುರೆ, ಒಣ ಕ್ಷೌರ

"ಕುದುರೆ ಇರೋದು ಹತ್ತೋಕೆ. ಅದರ ಜೊತೆ ವಾಯುವಿಹಾರ ಮಾಡೋಕಲ್ಲ!"

ಬಿಳಿಗಲ್ಲು ಕೋಟೆಯ ಪಾಳೆಯಗಾರ ಬೊಮ್ಮಣ್ಣನಾಯಕರು ಲಾಯದ ಮುಂದೆ ನಿಂತು ಗುಡುಗಿದರು. ಹೊಸ ಕುದುರೆ ಬಂದು ಹದಿನೈದು ದಿನವಾಗಿತ್ತು. ಅದನ್ನು ಪಳಗಿಸಬೇಕಾದ ದಸ್ತಗೀರ ಸಾಹೇಬ ಒಂದು ದಿನವೂ ಮೇಲೆ ಹತ್ತಿರಲಿಲ್ಲ. ಹಗ್ಗ ಹಿಡಿದು ಅದರ ಪಕ್ಕದಲ್ಲೇ ನಡೆಯುತ್ತಿದ್ದ. ಬೆನ್ನಿಗೆ ಗೋಣಿಚೀಲ ಸವರುತ್ತಿದ್ದ. ಸಾಲದ್ದಕ್ಕೆ ಮೂತಿಯ ಮುಂದೆ ಛತ್ರಿ ಬಿಚ್ಚಿ ಮುಚ್ಚಿ ಮಾಡುತ್ತಿದ್ದ.

"ಛತ್ರಿ ಯಾಕೋ? ಕುದುರೆಗೆ ಬಿಸಿಲು ತಾಗುತ್ತಾ?"

"ಇಲ್ಲ ಹುಜೂರ್. ಮೆರವಣಿಗೆಯಲ್ಲಿ ತಮ್ಮ ತಲೆಯ ಮೇಲೆ ಬೆಳ್ಗೊಡೆ ಬಿಚ್ಚಿದಾಗ ಅದು ಬೆದರಬಾರದು. ಮೊದಲು ನೆಲದ ಮೇಲಿನ ಪಾಠ ಮುಗೀಲಿ, ಆಮೇಲೆ ಸವಾರಿ. ಇನ್ನೊಂದು ತಿಂಗಳು ಕೊಡಿ."

"ಒಂದು ದಿನವೂ ಇಲ್ಲ! ನಾಳೆ ಬೆಳಗ್ಗೆ ನಾನೇ ಹತ್ತುತ್ತೇನೆ. ಕುದುರೆ ಒಂಚೂರು ಕೊಸರಾಡಿದರೂ ನೀನು ಹೆಂಡತಿ ಮಕ್ಕಳ ಸಮೇತ ಗಡಿಯಾಚೆ!"

ದಸ್ತಗೀರನ ಮುಖ ಬಿಳಿಚಿಕೊಂಡಿತು. ಪಾಪ, ಹಸಿ ಕುದುರೆ ಕೊಸರಾಡದೆ ಇರುತ್ತದೆಯೇ?

ಆಸ್ಥಾನದ ವಿದೂಷಕ ಸೂರಪ್ಪಯ್ಯ ಪಕ್ಕದಲ್ಲೇ ಇದ್ದ. ನಾಯಕರಿಗೆ ಎದುರಾಡಿದರೆ ಕೆಲಸ ಕೆಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಅವನು ಕೈಮುಗಿದ.

"ಎಂಥ ಮಾತು ಪ್ರಭು! ತಯಾರಿಯ ಹೆಸರಲ್ಲಿ ಕಾಲ ಕಳೆಯುವ ಸೋಮಾರಿಗಳು ಲಾಯದಲ್ಲಷ್ಟೇ ಇದ್ದಾರೆಯೇ? ಈ ಅಪ್ಪಣೆ ಅರಮನೆಯ ಆಳುಕಾಳಿಗೆಲ್ಲ ಆಗಲಿ."

ಹೊಗಳಿದರೆ ನಾಯಕರು ಉಬ್ಬಿಹೋಗುತ್ತಿದ್ದರು. "ಎಲ್ಲರಿಗೂ ಅದೇ ಅಪ್ಪಣೆ! ಡಂಗುರ ಹೊಡೆಸು!"

ಸಂಜೆ ಡಂಗುರವಾಯಿತು. "ಇನ್ನು ಮುಂದೆ ಅರಮನೆಯಲ್ಲಿ ಯಾರೂ ತಯಾರಿ ಗಿಯಾರಿ ಅಂತ ಹೊತ್ತು ಕಳೆಯಕೂಡದು. ನೇರ ಕೆಲಸಕ್ಕೇ ಕೈಹಾಕತಕ್ಕದ್ದು. ತಪ್ಪಿದರೆ ಗಡೀಪಾರು!"

ಮರುದಿನ ಬೆಳಗ್ಗೆ ಸವಾರಿಗೆ ಮುಂಚೆ ಕ್ಷೌರ. ಕ್ಷೌರಿಕ ಗುಡ್ಡಯ್ಯ ಬಟ್ಟಲೂ ತರಲಿಲ್ಲ, ನೀರೂ ತರಲಿಲ್ಲ. ಮನೆದೇವರನ್ನು ನೆನೆದು, ನಾಯಕರ ಒಣ ಕೆನ್ನೆಯ ಮೇಲೆ ಕತ್ತಿ ಎಳೆದೇಬಿಟ್ಟ. ಕರ್ರ್!

"ಅಯ್ಯಯ್ಯೋ, ನಿಲ್ಲಿಸೋ! ನೀರು ಹಚ್ಚಿ ನೆನೆಸದೆ ಯಾರಾದರೂ ಕ್ಷೌರ ಮಾಡ್ತಾರೇನೋ?"

ಗುಡ್ಡಯ್ಯ ಕತ್ತಿ ಕೆಳಗಿಟ್ಟು ಕೈಮುಗಿದ. "ನೆನೆಸೋದು ತಯಾರಿ ಅಲ್ವರಾ ಬುದ್ಧಿ? ಡಂಗುರ ಹೊಡ್ಸಿದ್ದು ತಾವೇಯ."

ಅಷ್ಟರಲ್ಲಿ ಸೂರಪ್ಪಯ್ಯ ಚಾವಟಿ ಹಿಡಿದು ಓಡೋಡಿ ಬಂದ.

"ಕುದುರೆಗೆ ಜೀನು ಬಿಗಿಸಿ ಆಯ್ತು ಪ್ರಭು. ದಯಮಾಡಿಸಿ."

ಹೊರಗೆ ಕುದುರೆ ಏನನ್ನೋ ಧಡಾರನೆ ಒದ್ದ ಸದ್ದು ಕೇಳಿತು. ನಾಯಕರು ಕೆನ್ನೆ ಮುಟ್ಟಿಕೊಂಡರು.

"ಸೂರಪ್ಪಯ್ಯ, ನಿಜ ಹೇಳು. ಈಗಲೇ ಹತ್ತಿದರೆ ಸವಾರಿಯೂ ಹೀಗೇ ಉರಿಯುತ್ತಾ?"

"ಹೇಗೆ ಹೇಳಲಿ ಪ್ರಭು? ತಾವು ನಿಲ್ಲಿಸು ಅಂದ ಕೂಡಲೇ ಗುಡ್ಡಯ್ಯ ನಿಲ್ಲಿಸಿದ. ಲಗಾಮು ಜಗ್ಗಿದರೆ ನಿಲ್ಲಬೇಕು ಅನ್ನೋ ಪಾಠ ಕುದುರೆಗೆ ಬರೋ ಸೋಮವಾರದಿಂದ ಶುರುವಂತೆ!"

ನಾಯಕರಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕೆನ್ನೆ ಉರಿಯುತ್ತಿತ್ತು, ಆದರೂ ನಕ್ಕರು.

"ದಸ್ತಗೀರನಿಗೆ ಒಂದಲ್ಲ, ಎರಡು ತಿಂಗಳು ಕೊಡು. ಕೈಗೊಂದು ಬೆಳ್ಳಿ ಕಡಗವನ್ನೂ ಹಾಕಿಸು. ಗುಡ್ಡಯ್ಯ, ನೀನು ಮೊದಲು ಹೋಗಿ ಬಿಸಿನೀರು ತಾರಪ್ಪ!"