ಕೆಂಪು ಪಟ್ಟಿಯ ಕೆಳಗೆ

ಕಾರ ಹುಣ್ಣಿಮೆಯ ದಿನ ಶಾಲೆಯ ಚೀಲವನ್ನು ಬೇಲಿಗೆ ಸಿಗಿಸಿ ಊರು ಬಿಟ್ಟವನು ಈರಭದ್ರ. ಅಂದಿನಿಂದ ಅವನ ಕಾಲು ಒಂದೆಡೆ ನಿಂತಿಲ್ಲ. ಬಳೆ, ಬಾಚಣಿಗೆಯ ಗಂಟನ್ನು ಕತ್ತೆಯ ಮೇಲೆ ಹೇರಿ ಸಂತೆಯಿಂದ ಸಂತೆಗೆ ತಿರುಗುವಾಗ, ದಾರಿಯ ಮಠದಲ್ಲಿ ತಂಗಿ ಗುರುಗಳ ಮಾತು ಕೇಳುವುದು ಅವನ ರೂಢಿ. ಈ ಸಲ ಕೂತವನೇ ಕೇಳಿದ:

“ಬುದ್ಧೀ, ಸಂತೆಯಲ್ಲಿ ಎತ್ತಿಗೆ ಬಡಿದವನನ್ನು ಪೊಲೀಸರು ಹಿಡಿದುಕೊಂಡು ಹೋದರು. ದಯೆ ಅನ್ನೋದು ಒಳಗಿಂದ ಬರಬೇಕಲ್ಲವೇ? ದಂಡ, ಜೈಲು ಅಂತ ಹೆದರಿಸಿದರೆ ಬರುವುದು ದಯೆಯೇ?”

ಗುರುಗಳು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಗಾಡಿಯವನಿದ್ದ. ಅವನದು ಒಂಟೆತ್ತಿನ ಗಾಡಿ. ಎತ್ತನ್ನು ಮಗನಂತೆ ಸಾಕಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ಒಮ್ಮೆ ನೊಗ ಉಜ್ಜಿ ಉಜ್ಜಿ ಎತ್ತಿನ ಹೆಗಲು ಹುಣ್ಣಾಯಿತು. ಹುಣ್ಣಾದ ಹೆಗಲಿಗೆ ನೊಗ ಹೂಡಿದರೆ ಆ ಸೀಮೆಯಲ್ಲಿ ದಂಡ, ತಪ್ಪಿದರೆ ಸೆರೆ. ಗುಣವಾಗುವ ತನಕ ಎತ್ತು ಸರಕಾರದ ದೊಡ್ಡಿಯಲ್ಲಿ. ಗಾಡಿಯವನಿಗೆ ದುಡಿಮೆ ನಿಲ್ಲಿಸಲು ಮನಸ್ಸಿಲ್ಲ. ನೊಗದ ಕೆಳಗೆ ಕವಡೆ ಹೊಲಿದ ಕೆಂಪು ಪಟ್ಟಿ ಕಟ್ಟಿದ. ಕೆಂಪಿನಲ್ಲಿ ಕೆಂಪು ಕಾಣಲಿಲ್ಲ. ನೋಡಿದವರೆಲ್ಲ “ಎಂಥ ಚಂದದ ಎತ್ತಪ್ಪಾ!” ಎಂದರು.

ಸುಂಕದ ಕಟ್ಟೆಯ ಕಾವಲುಗಾರನಿಗೂ ಹಾಗೇ ಅನ್ನಿಸಿತು. ಬಸವ ಎಂದು ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದ. ಎತ್ತು ಗಡಗಡ ನಡುಗಿತು. ಕಾವಲುಗಾರನ ಅಂಗೈ ರಕ್ತದಿಂದ ಒದ್ದೆಯಾಗಿತ್ತು.

ನ್ಯಾಯಾಧಿಕಾರಿಯ ಮುಂದೆ ಗಾಡಿಯವನು ಗೋಳಾಡಿದ. “ಇದಕ್ಕೆ ಪೂಜೆ ಮಾಡದೆ ತುತ್ತು ಬಾಯಿಗಿಟ್ಟವನಲ್ಲ ಸ್ವಾಮೀ. ನಾನು ಕ್ರೂರಿಯೇ?”

“ಆರತಿ ಎತ್ತುವಾಗ ಮುಖ ನೋಡಿದೆ. ಹೆಗಲು ಯಾವಾಗ ನೋಡಿದೆ?” ಎಂದು ನ್ಯಾಯಾಧಿಕಾರಿ ಕೇಳಿದ.

ದಂಡ ಬಿತ್ತು. ಎತ್ತು ದೊಡ್ಡಿ ಸೇರಿತು. ಹುಣ್ಣು ತೊಳೆಯುವ ಕೆಲಸವೂ ಅವನದೇ ಎಂದು ಆಜ್ಞೆಯಾಯಿತು. ಅವನು ಕಾನೂನಿಗೆ ಶಾಪ ಹಾಕುತ್ತಲೇ ತೊಳೆದ. ಮೊದಮೊದಲು ಅವನ ಕೈ ಕಂಡರೆ ಎತ್ತು ಹಿಂದೆ ಸರಿಯುತ್ತಿತ್ತು. ಬರಬರುತ್ತ ಸುಮ್ಮನೆ ನಿಂತಿತು. ಒಂದು ಬೆಳಿಗ್ಗೆ ತಾನಾಗಿ ಬಂದು ಅವನ ಹೆಗಲ ಮೇಲೆ ಗದ್ದ ಇಟ್ಟಿತು. ಗಾಡಿಯವನು ಅಲ್ಲೇ ಕುಸಿದು ಕೂತು ಅತ್ತ.

ಆಮೇಲೆ ಆ ಕಟ್ಟೆ ಬಂದಾಗಲೆಲ್ಲ ತಾನೇ ಗಾಡಿ ನಿಲ್ಲಿಸಿ, ನೊಗ ಎತ್ತಿ ಹೆಗಲು ತೋರಿಸುತ್ತಿದ್ದ. “ನಿನ್ನನ್ನು ಯಾರು ಕೇಳಿದರೋ ಮಾರಾಯ?” ಎಂದು ಕಾವಲುಗಾರ ರೇಗಿಸಿದರೆ ಕೈ ಮುಗಿಯುತ್ತಿದ್ದ. “ಅವತ್ತು ನೀನು ಮುಟ್ಟಿದ್ದಕ್ಕೆ ಇವನು ಉಳಿದ ಅಣ್ಣಾ. ನಿನ್ನ ಋಣ ದೊಡ್ಡದು.”

ಈರಭದ್ರನ ಮುಖ ಅರಳಿತು. “ನೋಡಿದಿರಾ ಬುದ್ಧೀ, ಕೊನೆಗೆ ದಯೆ ಒಳಗಿಂದಲೇ ಬಂತು!”

“ಬಂತಪ್ಪಾ. ಅದು ಬರುವ ತನಕ ಎತ್ತಿನ ಹೆಗಲು ಎಲ್ಲಿ ಕಾಯಬೇಕಿತ್ತು?”

ಈರಭದ್ರ ಬೆಳಿಗ್ಗೆ ಹೊರಡಲು ಗಂಟು ಕಟ್ಟಿದ. ಕತ್ತೆಯ ಮೇಲೆ ಹೇರುವ ಮೊದಲು ಗೋಣಿತಟ್ಟಿನ ಕೆಳಗೆ ಕೈಯಾಡಿಸಿದ. ಕತ್ತೆ ಬೆನ್ನು ಅದುರಿಸಿತು. ಅವನು ಗೋಣಿತಟ್ಟನ್ನು ಮೆಲ್ಲಗೆ ತೆಗೆದ. ಮಠದ ಬಾಗಿಲಿಗೆ ಹಣೆ ಮುಟ್ಟಿಸಿ, ಗಂಟನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ.