ಸೋಮವಾರದ ಔಷಧಿ

ಹೊಳೆದಂಡೆಯ ಮಠಕ್ಕೆ ಒಂದು ಶೇಂಗಾ ಹೊಲವಿತ್ತು. ಅದರ ಕಾಯಿ ಮಾರಾಟಕ್ಕಲ್ಲ, ಬಿತ್ತನೆಗೆ. ಊರವರೆಲ್ಲ ಬೀಜಕ್ಕೆ ಮಠಕ್ಕೇ ಬರುತ್ತಿದ್ದರು.

ಆ ವರ್ಷ ಗುರುಗಳ ಮೈ ಸೋತಿತ್ತು. ಹೊಲ ಶಿಷ್ಯ ಕೊಟ್ರಯ್ಯನ ಪಾಲಿಗೆ ಬಂತು. ಗುರುಗಳ ನಂತರ ಮಠವೂ ಅವನದೇ. ಅದನ್ನು ನೆನೆದರೆ ಅವನಿಗೆ ಭಯವಾಗುತ್ತಿತ್ತು.

ಸೋಮವಾರ ಪೂಜೆ ಮುಗಿಸಿ, ಪಂಪು ಬೆನ್ನಿಗೇರಿಸಿ, ಹೊಲಕ್ಕೆಲ್ಲ ರೋಗದ ಔಷಧಿ ಹೊಡೆದು ಬರುತ್ತಿದ್ದ. ಒಂದು ವಾರವೂ ತಪ್ಪಿಸಲಿಲ್ಲ.

ಆದರೂ ಎಲೆಗೆ ಕಪ್ಪು ಚುಕ್ಕೆ ಬಿತ್ತು. ಅಡಿಯ ಎಲೆಗಳು ಉದುರತೊಡಗಿದವು. ಎಲೆ ಹೋದರೆ ಕಾಯಿ ತುಂಬುವುದಿಲ್ಲ, ಊರಿಗೆ ಬೀಜವಿಲ್ಲ.

"ಬುದ್ಧಿ, ಔಷಧಿ ಎರಡರಷ್ಟು ಮಾಡ್ಲಾ?" ಕೊಟ್ರಯ್ಯ ಗುರುಗಳನ್ನು ಕೇಳಿದ.

"ಚುಕ್ಕೆ ಮೊದಲು ಎಲ್ಲಿ ಬಂತು?"

"ನೋಡಲಿಲ್ಲ ಬುದ್ಧಿ."

"ಮತ್ತೆ ಏನು ನೋಡ್ತಿದ್ದೆ?"

"ವಾರ ನೋಡ್ತಿದ್ದೆ."

ಗುರುಗಳು ನಕ್ಕರು. "ನಡಿ, ಹೊಲ ನೋಡೋಣ."

ಬೆಳಗಿನ ಹೊತ್ತು. ಶಿಷ್ಯನ ಹೆಗಲು ಹಿಡಿದು ಬದುವಿನುದ್ದಕ್ಕೂ ನಡೆದರು. ಹೊಲದ ತಲೆಗೆ ಬಂದಾಗ ಚುಕ್ಕೆ ದಟ್ಟವಾಯಿತು. ಅಲ್ಲೊಂದು ದೊಡ್ಡ ಬಣವೆ ಇತ್ತು.

"ಇದೇನು?"

"ಹೋದ ವರ್ಷದ ಶೇಂಗಾ ಬಳ್ಳಿ ಬುದ್ಧಿ. ಪ್ರತಿ ಹೊಲದ ಮೊದಲ ಹೊರೆ ಮಠದ ಹಸುಗಳಿಗೆ ಅಂತ ಭಕ್ತರು ತಂದು ಒಟ್ಟೋದು ಪದ್ಧತಿ ಅಲ್ವಾ?"

ಗುರುಗಳು ಒಂದು ಹಿಡಿ ಎಳೆದರು. ಒಣಗಿದ ಎಲೆಯ ಮೇಲೂ ಅದೇ ಕಪ್ಪು ಚುಕ್ಕೆ. ಅವರು ಅದನ್ನು ಗಾಳಿಗೆ ಹಿಡಿದರು. ಪುಡಿ ಹಾರಿ ಬೆಳೆಯ ಮೇಲೆ ಬಿತ್ತು.

"ಊರಿನ ರೋಗವೆಲ್ಲ ಮಠಕ್ಕೆ ಕಾಣಿಕೆ ಬಂದಿದೆ. ಕಳ್ಳನನ್ನ ಅಟ್ಟದ ಮೇಲೆ ಕೂರಿಸಿ ಬಾಗಿಲು ಕಾಯ್ತಿದ್ದೀಯಲ್ಲೋ."

ಕೊಟ್ರಯ್ಯ ತಲೆ ತಗ್ಗಿಸಿದ.

"ಮೇವನ್ನ ಕೊಟ್ಟಿಗೆ ಹಿಂದಕ್ಕೆ ಸಾಗಿಸು. ಉದುರಿದ್ದನ್ನೆಲ್ಲ ಗುಂಡಿಗೆ ಹಾಕಿ ಮಣ್ಣು ಮುಚ್ಚು. ಮುಂದಿನ ವರ್ಷ ಇಲ್ಲಿ ನವಣೆ ಬಿತ್ತು, ಶೇಂಗಾ ಆಚೆ ಹೊಲಕ್ಕೆ ಹೋಗಲಿ."

"ಆಗಲಿ ಬುದ್ಧಿ. ಔಷಧಿ ಯಾವ ವಾರ ಹೊಡೀಲಿ? ನೀವೇ ಒಂದು ವಾರ ಗೊತ್ತು ಮಾಡಿ. ನಾಳೆ ನೀವಿಲ್ಲದಾಗ ನಾನು ಯಾರನ್ನ ಕೇಳಲಿ?"



ಗುರುಗಳು ಅವನ ಕೈ ಹಿಡಿದು ಒಂದು ಎಲೆಯ ಮೇಲೆ ಇಟ್ಟರು.

"ಏನಿದೆ?"

"ಇಬ್ಬನಿ."

ಇಬ್ಬರೂ ಬದುವಿನ ಮೇಲೆ ಕೂತರು. ಬಿಸಿಲು ಏರಿತು.

"ಈಗ?"

"ಒಣಗಿದೆ ಬುದ್ಧಿ."

"ಎಲೆ ಬೇಗ ಒಣಗಿದ ದಿನ ರೋಗ ಮಲಗಿರ್ತದೆ. ಒದ್ದೆ ನಿಂತರೆ ಏಳ್ತದೆ."

ಅಷ್ಟು ಹೇಳಿ ಎದ್ದರು. ವಾರ ಮಾತ್ರ ಹೇಳಲಿಲ್ಲ.

ಬಣವೆ ಸಾಗಿಸಿ, ಉದುರಿದ್ದನ್ನು ಹೂಳುವಷ್ಟರಲ್ಲಿ ಮತ್ತೆ ಸೋಮವಾರ ಬಂತು. ಪಂಪು ಹೊತ್ತು ಹೋದ ಕೊಟ್ರಯ್ಯ ಎಲೆ ಮುಟ್ಟಿ ನೋಡಿದ. ಇಬ್ಬನಿ ಆಗಲೇ ಆರಿತ್ತು. ಔಷಧಿ ಹೊಡೆಯದೆ ಹಿಂದಿರುಗಿದ. ಪೂಜೆ ತಪ್ಪಿಸಿದಷ್ಟು ಸಂಕಟವಾಯಿತು. ಮುಂದಿನ ಸೋಮವಾರವೂ ಹಾಗೇ ಬಂದ. ಚುಕ್ಕೆ ಹೆಚ್ಚಲಿಲ್ಲ.

ಗುರುಗಳು ಹಾಸಿಗೆ ಹಿಡಿದರು. ಅನ್ನ ಬಿಟ್ಟರು. ಜೀವ ಮಾತ್ರ ಯಾವುದಕ್ಕೋ ಕಾಯುತ್ತಿರುವಂತಿತ್ತು.

ಆಗ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಕೊಟ್ರಯ್ಯ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊಲಕ್ಕೆ ಹೋಗಿ ಎಲೆ ಮುಟ್ಟಿದ. ಮಳೆ ಬಿಟ್ಟ ಒಂದು ಹೊತ್ತು ನೋಡಿ, ಎಲೆಯ ಅಡಿಗೂ ತಾಗುವಂತೆ ಔಷಧಿ ಹೊಡೆದ. ಕೆಸರುಗಾಲಲ್ಲೇ ಗುರುಗಳ ಬಳಿ ಬಂದು ಕೂತ.

"ತಪ್ಪಾಯ್ತು ಬುದ್ಧಿ. ನಿಮ್ಮನ್ನ ಕೇಳದೆ ಹೊಡೆದುಬಿಟ್ಟೆ."

ಗುರುಗಳು ಕಣ್ಣು ತೆರೆದರು.

"ಇವತ್ತು ಯಾವ ವಾರವೋ?"

ಕೊಟ್ರಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

"ಗೊತ್ತಿಲ್ಲ ಬುದ್ಧಿ. ಮೋಡ ಕವಿದಾಗಿನಿಂದ ಎಲೆ ಆರಿರಲಿಲ್ಲ."

ಗುರುಗಳು ಅವನ ಒದ್ದೆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದರು.

"ಹಾಗಾದರೆ ನಾನಿನ್ನು ಹೊರಡಬಹುದು."