ಸೇಬಿನ ಹಾರದ ಕ್ರೇನು

ವಿಧಾನಸಭೆಯ ಟಿಕೆಟ್ ತಮ್ಮ ಬಾಮೈದನಿಗೇ ಸಿಗಬೇಕೆಂದು ಪಕ್ಷದ ಜಿಲ್ಲಾಧ್ಯಕ್ಷ ನಾಗನಗೌಡರು ಪಟ್ಟು ಹಿಡಿದಿದ್ದರು. ನಾಯಕರಿಗೆ ಸೇಬಿನ ಹಾರ ಎತ್ತುವ ಕ್ರೇನ್ ಚಾಲಕ ಹುಸೇನಪ್ಪನನ್ನು ಅಭ್ಯರ್ಥಿ ಆಯ್ಕೆಗೆ ಬೆಂಗಳೂರಿನಿಂದ ಬಂದಿದ್ದ ಪಕ್ಷದ ವೀಕ್ಷಕರ ಮುಂದೆ ನಿಲ್ಲಿಸಿ, "ನಮ್ಮ ಹುಡುಗ ನಿಂತ್ರ ಜನಕ್ಕ ಎಷ್ಟು ಖುಷಿ, ಹೇಳಪಾ," ಎಂದು ದಿಟ್ಟಿಸಿದರು.

ಬಾಮೈದ ಹಾಕಿಸಿದ ರಸ್ತೆಗೆ ಊರೇ ಶಾಪ ಹಾಕುತ್ತಿತ್ತು. ಹಾಗಂತ ಹುಸೇನಪ್ಪ ಬಾಯಿಬಿಟ್ಟರೆ ಅವನ ಕ್ರೇನಿಗೆ ಗೌಡರು ಕೊಡುವ ಕೆಲಸ ತಪ್ಪುತ್ತದೆ.

"ಭಾಳ ಖುಷಿರೀ. ಹಾರ ಹಾಕಾಕ ಈಗ್ಲೇ ಕ್ರೇನ್ ಬುಕ್ ಮಾಡ್ಯಾರ," ಎಂದ.

ಗೌಡರು ಮೀಸೆ ತಿರುವಿದರು.

"ಯಾರು?" ವೀಕ್ಷಕರು ಕೇಳಿದರು.

"ಎದುರು ಪಕ್ಷದವ್ರು ರೀ. ಗೌಡ್ರ ಬಾಮೈದಗೇ ಟಿಕೆಟ್ ಸಿಗಲಿ ಅಂತ ಹರಕಿನೂ ಹೊತ್ತಾರ."

ಗೌಡರ ಕೈ ಮೀಸೆಯಲ್ಲೇ ನಿಂತಿತು.

ಸಂಜೆ ಟಿಕೆಟ್ ಬೇರೆಯವರಿಗೆ ಹೋಯಿತು. ಕೂಡಲೇ ಎದುರು ಪಕ್ಷದಿಂದ ಫೋನು ಬಂತು: "ಕ್ರೇನ್ ಬ್ಯಾಡೋ ಹುಸೇನಪ್ಪ. ಅಂಗಡ್ಯಾಗ ಸೇಬು ವಾಪಸ್ ತಗೋತಾರೇನು ಕೇಳು."